ಬಾಯ್ನಾದಲ್ಲಿ ಷಟ್‌ಪ್ರತ್ಯಯ

‘ಪ್ರಸ್ತಾರ ಹಾಕಿ ಛಂದಸ್ಸನ್ನು ಹೆಸರಿಸಿ’ ಎಂಬ ಪ್ರಶ್ನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಎಷ್ಟು ಪರಿಚಿತವೆಂದರೆ, ಪ್ರಸ್ತಾರವೆಂದರೆ ಕೊಟ್ಟ ಪದ್ಯದ ನೆತ್ತಿಯ ಮೇಲೆ ಲಘು ಗುರುಗಳ ಗೆರೆ ಎಳೆಯುವುದು ಎಂದೇ ಎಲ್ಲರ ತಿಳಿವಳಿಕೆ. ಶಾಸ್ತ್ರದಲ್ಲಿ ಆ ಶಬ್ದದ ಅರ್ಥ ಬೇರೆ. ಇಷ್ಟು ಅಕ್ಷರಗಳಲ್ಲಿ, ಅಥವಾ ಇಷ್ಟು ಮಾತ್ರೆಗಳಲ್ಲಿ, ಲಘು ಗುರುಗಳು ಎಷ್ಟು ಬಗೆಯಾಗಿ ಕೂಡಿಯಾವೋ ಅಷ್ಟನ್ನೂ ಒಂದರ ಕೆಳಗೆ ಒಂದು ಬರೆದು ಹಾಸುವುದು ಪ್ರಸ್ತಾರ. ಅದು ಆರು ಪ್ರತ್ಯಯಗಳಲ್ಲಿ ಮೊದಲನೆಯದು. ನಷ್ಟ, ಉದ್ದಿಷ್ಟ, ಏಕದ್ವ್ಯಾದಿಲಗಕ್ರಿಯೆ, ಸಂಖ್ಯೆ, ಅಧ್ವಯೋಗ ಎಂಬವು ಉಳಿದ ಐದು. ಪಿಂಗಳನಿಂದ ಹಿಡಿದು ಛಂದೋಂಬುಧಿಯ ನಾಗವರ್ಮನವರೆಗೆ ಅನೇಕ ಛಂದೋಗ್ರಂಥಕಾರರು ಪ್ರತ್ಯಯಗಳನ್ನು ವಿವರಿಸಿದ್ದಾರೆ. ಪಠ್ಯಕ್ರಮ ಮಾತ್ರ ಇವನ್ನು ಬಹಳ ಹಿಂದೆಯೇ ಕೈಬಿಟ್ಟಿತು. ಕವಿತೆ ಓದಲು ಬಂದವರಿಗೆ ಈ ಲೆಕ್ಕವೇಕೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರಬಹುದು, ಬಹುಪಾಲು ಸೋಮಾರಿತನ.

ಬಾಯ್ನಾದ ಒಂದು ಮನೆಯಲ್ಲಿ ನಾಲ್ಕು ರಾತ್ರಿಗಳ ಮಟ್ಟಿಗೆ ಈ ಆರು ಪ್ರತ್ಯಯಗಳಿಗೆ ಮತ್ತೆ ಜೀವ ಬಂದಿತು. ಕಾರಣ, ಮುಂದೆ ಹೋಗದೆ ನಿಂತ ಒಂದು ಲ್ಯಾಪ್‌ಟಾಪ್.

ಬಾಯ್ನಾ ಎಂದರೆ ಗೋವೆಯ ವಾಸ್ಕೋ ಪಟ್ಟಣದ ಮಗ್ಗುಲಿಗೆ, ಮುರಗಾಂವ ಬಂದರಿನ ನೆರಳಿಗೆ ಅಂಟಿಕೊಂಡಿರುವ ಕಡಲಂಚು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗಾಗಿ ಬಂದವರ ಓಣಿಗಳು ಅಲ್ಲಿ ಒತ್ತೊತ್ತಾಗಿವೆ. ಓಣಿಯೊಳಗೆ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಬಂದರಿನ ಗೇಟಿನಲ್ಲಿ ಹಿಂದಿ. 2004ರ ಜೂನ್ ತಿಂಗಳ ಮಳೆಯಲ್ಲಿ ತೀರದ ಗುಡಿಸಲುಗಳನ್ನು ಕೆಡವಿದಾಗ ಊರಿಗೆ ಹಿಂತಿರುಗಿದವರೂ ಉಂಟು, ಒಂದು ಓಣಿ ಹಿಂದಕ್ಕೆ ಸರಿದು ನಿಂತವರೂ ಉಂಟು. ಈ ಮನೆಯವರು ಸರಿದು ನಿಂತವರು. ತಂದೆ ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕಿದ್ದರು. 2012ರಲ್ಲಿ ಗೋವೆಯ ಗಣಿಗಳು ನಿಂತ ಮೇಲೆ ಗವಂಡಿ ಕೆಲಸಕ್ಕೆ ತಿರುಗಿದರು. ತಾಯಿ ಕಾಯಿಪಲ್ಲೆ ಮಾರುವವರು. ಹುಟ್ಟೂರು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ಆಡುವ ಮಾತು ಕನ್ನಡ, ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಮಗಳು ಧಾರವಾಡದಲ್ಲಿ ವಸತಿನಿಲಯದಲ್ಲಿದ್ದು ಬಿ.ಎ. ಓದುತ್ತಿದ್ದಳು, ಐಚ್ಛಿಕ ವಿಷಯ ಕನ್ನಡ. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಮಗ ಗೋವೆಯಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದ.

ರಜೆಗೆ ಬಂದ ಮಗಳ ಚೀಲದಲ್ಲಿ ಒಂದು ಸೆಮಿನಾರ್ ಪ್ರಬಂಧದ ಕರಡಿತ್ತು. ವಿಷಯ, ಭಾಮಿನಿ ಷಟ್ಪದಿಯ ಲಯಸಾಧ್ಯತೆಗಳು. ಮನೆಯ ಗಾಳಿಯಲ್ಲಿ ಇನ್ನೊಂದು ಮಾತಿತ್ತು. ಬರುವ ವರ್ಷ ಎರಡು ಫೀ ಕಟ್ಟುವುದು ಆಗದು; ಒಬ್ಬರು ಬಿಡಬೇಕು. ಯಾರು ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರಿಗೆ ನೌಕರಿ ಇದೆ, ಪದ್ಯಕ್ಕೇನಿದೆ?

ಪ್ರಶ್ನೆ ಸರಳವಾಗಿತ್ತು. ಭಾಮಿನಿಯ ಒಂದು ಪದ್ಯ ಎಷ್ಟು ಲಘುಗುರು ವಿನ್ಯಾಸಗಳಲ್ಲಿ ಹುಟ್ಟಬಹುದು? ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ಗಣಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅಂಥ ಮೂರು ಜೋಡಿ ಮತ್ತು ಕೊನೆಗೊಂದು ಗುರು. ಒಟ್ಟು ಮಾತ್ರೆ 102. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪ. ಮೊದಲ ಸಾಲಿನ ವಿನ್ಯಾಸಗಳನ್ನು ಅವಳು ಕೈಯಲ್ಲೇ ಬರೆದು ಮುಗಿಸಿದ್ದಳು; 225. ಮೂರನೆಯ ಸಾಲಿಗೆ ಬಂದಾಗ ನೋಟ್‌ಬುಕ್ ತುಂಬಿತು. ತಮ್ಮನನ್ನು ಕರೆದಳು.

ತಮ್ಮ ಪೈಥಾನಿನಲ್ಲಿ ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದ. ಅಕ್ಕ ಕೈಯಲ್ಲಿ ಮಾಡಿದ್ದನ್ನೇ ಅದೂ ಮಾಡುತ್ತಿತ್ತು: ಒಂದೊಂದು ವಿನ್ಯಾಸವನ್ನೂ ರಚಿಸಿ, ಪಟ್ಟಿಯೊಂದಕ್ಕೆ ಸೇರಿಸಿ, ಕೊನೆಗೆ ಪಟ್ಟಿಯ ಉದ್ದ ಹೇಳುವುದು. ಮೊದಲ ಸಾಲಿಗೆ ಕಣ್ಣು ಮಿಟುಕಿಸುವುದರೊಳಗೆ 225 ಬಂತು. ಮೂರನೆಯ ಸಾಲಿಗೆ 3,375. ಹುರುಪಿನಿಂದ ಅರ್ಧ ಪದ್ಯ ಕೊಟ್ಟ, ಮೊದಲ ಮೂರು ಸಾಲು ಒಟ್ಟಿಗೆ. ಪಂಖ ಜೋರಾಗಿ ತಿರುಗತೊಡಗಿತು, ಕರ್ಸರ್ ನಿಂತಿತು, ಮೌಸ್ ಅಲುಗಾಡಿಸಿದರೆ ಬಾಣ ಅರ್ಧ ನಿಮಿಷದ ಮೇಲೆ ಒಂದು ಹೆಜ್ಜೆ ಸರಿಯುತ್ತಿತ್ತು. ಕೊನೆಗೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಕೊಲ್ಲಬೇಕಾಯಿತು.

“ಮಷೀನು ಕೆಟ್ಟಿತೇನೋ ತಮ್ಮಾ?”

“ಕೆಟ್ಟಿಲ್ಲಕ್ಕಾ. ದುಡಿಯಾಕತ್ತಿತ್ತು. ಎಲ್ಲಿ ಸಿಕ್ಕೊಂಡದ ಅಂತ ನೋಡಬೇಕು.”

ನಿಂತಿರುವ ಯಂತ್ರ ಸತ್ತಿದೆಯೋ ದುಡಿಯುತ್ತಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಈ ಕೆಲಸದ ವಿವೇಕವೆಲ್ಲ ಅಲ್ಲಿಂದ ಆರಂಭ. ಎರಡನೆಯ ಸಲ ಟಾಸ್ಕ್ ಮ್ಯಾನೇಜರನ್ನು ಪಕ್ಕದಲ್ಲಿ ತೆರೆದಿಟ್ಟು ಓಡಿಸಿದಾಗ ಸಂಗತಿ ಕಣ್ಣಿಗೆ ಕಂಡಿತು. ಲ್ಯಾಪ್‌ಟಾಪಿನ ಸ್ಮೃತಿ ನಾಲ್ಕು ಜಿಬಿ. ಪಟ್ಟಿ ಬೆಳೆದಂತೆ ಆ ನಾಲ್ಕೂ ತುಂಬಿ, ಮಿಕ್ಕದ್ದನ್ನು ಯಂತ್ರ ಡಿಸ್ಕಿನ ಮೇಲೆ ಬರೆದು, ಬೇಕಾದಾಗ ಮತ್ತೆ ಎತ್ತಿ ತರುತ್ತಿತ್ತು. ಅರ್ಧ ಪದ್ಯದಲ್ಲಿ ಗಣಗಳ ಜೋಡಿ ಏಳು. ಒಂದೊಂದು ಜೋಡಿಗೆ ಹದಿನೈದು ರೂಪ. ಹದಿನೈದನ್ನು ಏಳು ಸಲ ಗುಣಿಸಿದರೆ 17,08,59,375. ಇಷ್ಟು ಸಾಲುಗಳನ್ನು ಹಿಡಿದಿಡಲು ಹತ್ತು ಜಿಬಿಯೂ ಸಾಲದು. ಸಣ್ಣ ಚೀಲದಲ್ಲಿ ಜೋಳ ತುಂಬುವವನು ಚೆಲ್ಲಿದ್ದನ್ನು ಆಯ್ದು ಮತ್ತೆ ತುಂಬುತ್ತಾ ಕೂತಂತೆ ಇತ್ತು ಅದರ ಪಾಡು.

ತಮ್ಮ ಪಟ್ಟಿಯನ್ನು ತೆಗೆದುಹಾಕಿದ. ವಿನ್ಯಾಸ ಹುಟ್ಟಲಿ, ಎಣಿಸಲಿ, ಮರೆಯಲಿ. ಈಗ ಅರ್ಧ ಪದ್ಯ ಎರಡು ನಿಮಿಷದಲ್ಲಿ ಮುಗಿಯಿತು. ಅರ್ಧಕ್ಕೆ ಎರಡು ನಿಮಿಷವಾದರೆ ಪೂರ್ತಿಗೆ ನಾಲ್ಕು ಎಂದುಕೊಂಡು ಪೂರ್ಣ ಪದ್ಯವನ್ನು ಕೊಟ್ಟು ಇಬ್ಬರೂ ಊಟಕ್ಕೆ ಕೂತರು. ಊಟ ಮುಗಿಯಿತು, ಓಣಿಯ ದೀಪಗಳು ಆರಿದವು, ಬಂದರಿನ ಹಡಗೊಂದು ಕೂಗಿ ಹೊರಟುಹೋಯಿತು. ಸ್ಕ್ರಿಪ್ಟ್ ಮಾತ್ರ ಅಲ್ಲೇ.

ಇಲ್ಲಿ ತಡೆದದ್ದು ಸ್ಮೃತಿಯಲ್ಲ, ಕಾಲ. ಪದ್ಯದ ಉತ್ತರಾರ್ಧವೂ ಪೂರ್ವಾರ್ಧದಂತೆಯೇ ಇರುವುದರಿಂದ, ಪೂರ್ವಾರ್ಧದ ಒಂದೊಂದು ವಿನ್ಯಾಸಕ್ಕೂ ಉತ್ತರಾರ್ಧದ ಹದಿನೇಳು ಕೋಟಿ ವಿನ್ಯಾಸಗಳು ಜೊತೆಯಾಗುತ್ತವೆ. ಆದ್ದರಿಂದ ಬೇಕಾಗುವ ಕಾಲ ಎರಡು ನಿಮಿಷದ ಇಮ್ಮಡಿಯಲ್ಲ, ಎರಡು ನಿಮಿಷದ ಹದಿನೇಳು ಕೋಟಿ ಮಡಿ. ಅಕ್ಕ ಕಾಗದದ ಮೇಲೆ ಭಾಗಿಸಿ ನೋಡಿದಳು. ಸುಮಾರು 650 ವರ್ಷ. ಕುಮಾರವ್ಯಾಸ ಹದಿನೈದನೆಯ ಶತಮಾನದವನು. ಅವನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಮೊದಲ ಪದ್ಯ ನುಡಿದ ದಿನವೇ ಈ ಲ್ಯಾಪ್‌ಟಾಪನ್ನು ಓಡಿಸಿದ್ದರೂ, ಅದು ಆ ಒಂದು ಪದ್ಯದ ಪ್ರಸ್ತಾರವನ್ನು ಇನ್ನೂ ಮುಗಿಸುತ್ತಿರಲಿಲ್ಲ.

ಆಗ ಅವಳಿಗೆ ತರಗತಿಯ ಟಿಪ್ಪಣಿಯೊಂದು ನೆನಪಾಯಿತು. ಸಂಖ್ಯೆ ಎಂಬುದು ಪ್ರಸ್ತಾರದಿಂದ ಬೇರೆಯಾದ ಪ್ರತ್ಯಯ. ಎಷ್ಟು ಎಂಬುದನ್ನು ತಿಳಿಯಲು ಎಲ್ಲವನ್ನೂ ಬರೆಯಬೇಕಾಗಿಲ್ಲ ಎಂದು ಬಲ್ಲವರೇ ಅದನ್ನು ಬೇರೆ ಮಾಡಿದರು. ಹದಿನಾಲ್ಕು ಜೋಡಿ, ಒಂದೊಂದಕ್ಕೆ ಹದಿನೈದು. ಹದಿನಾಲ್ಕು ಸಲ ಗುಣಿಸು, ಮುಗಿಯಿತು: 29,19,29,26,02,53,90,625.

“ಇಷ್ಟಕ್ಕ ನಾ ಪ್ರೋಗ್ರಾಮ್ ಬರಿಬೇಕಿತ್ತೇನಕ್ಕಾ!” ಎಂದ ತಮ್ಮನ ಮುಖದಲ್ಲಿ ನಾಚಿಕೆಯೂ ಇತ್ತು, ಸೋತ ಸಿಟ್ಟೂ ಇತ್ತು.

ಆರನೆಯ ಪ್ರತ್ಯಯವಾದ ಅಧ್ವಯೋಗವನ್ನು ಬಹಳ ಜನ ವಿದ್ವಾಂಸರು ಶಾಸ್ತ್ರಕಾರರ ವಿನೋದವೆಂದು ತಳ್ಳಿಹಾಕುತ್ತಾರೆ. ಪ್ರಸ್ತಾರವನ್ನು ಬರೆಯಲು ಎಷ್ಟು ಜಾಗ ಬೇಕೆಂದು ಹೇಳುವ ಲೆಕ್ಕ ಅದು. ಒಂದು ಸಾಲಿಗೆ ಒಂದು ಅಂಗುಲ, ಎರಡು ಸಾಲುಗಳ ನಡುವೆ ಒಂದು ಅಂಗುಲ. ಹೀಗೆ, ಸಂಖ್ಯೆಯನ್ನು ಇಮ್ಮಡಿಸಿ ಒಂದು ಕಳೆದರೆ ಅಧ್ವ. ಅಂಗುಲವೆಂದರೆ ಸುಮಾರು ಮುಕ್ಕಾಲು ಇಂಚು. ಭಾಮಿನಿಯ ಒಂದು ಪದ್ಯದ ಪ್ರಸ್ತಾರಕ್ಕೆ ಈ ಲೆಕ್ಕ ಹಾಕಿದರೆ, ಭೂಮಿಯಿಂದ ಸೂರ್ಯನವರೆಗಿನ ದೂರದ ಏಳು ಸಾವಿರ ಪಟ್ಟಿಗಿಂತಲೂ ಹೆಚ್ಚು ಉದ್ದದ ಓಲೆ ಬೇಕು. ಇದು ವಿನೋದವಲ್ಲ, ಎಚ್ಚರಿಕೆ. ಕಂಠವನ್ನು ಹಿಡಿದು ಬರೆಯಲು ಕೂರುವ ಮೊದಲೇ ಓಲೆ ಸಾಕಾಗುವುದೋ ಇಲ್ಲವೋ ನೋಡಿಕೋ ಎಂಬ ಈ ಮಾತನ್ನು ಕಂಪ್ಯೂಟರ್ ಕಲಿಸುವ ಪುಸ್ತಕಗಳೂ ಬೇರೆ ಹೆಸರಿನಿಂದ ಮೊದಲ ಅಧ್ಯಾಯಗಳಲ್ಲಿಯೇ ಹೇಳುತ್ತವೆ.

ಎರಡನೆಯ ರಾತ್ರಿ ಅಕ್ಕ ಪ್ರಶ್ನೆಯನ್ನು ಹಿಗ್ಗಿಸಿದಳು. ಗಣದ ಗಡಿಗಳನ್ನೇ ಅಳಿಸಿಬಿಟ್ಟರೆ? 102 ಮಾತ್ರೆಗಳನ್ನು ಲಘು ಗುರುಗಳಿಂದ ಮನಬಂದಂತೆ ತುಂಬಬಹುದಾದರೆ ಎಷ್ಟು ಬಗೆ? ಗಣವೆಂಬ ಕಟ್ಟು ಏನನ್ನು ಬಿಡಿಸುತ್ತದೆ, ಏನನ್ನು ಉಳಿಸುತ್ತದೆ ಎಂಬುದು ಹೋಲಿಕೆಯಿಂದ ತಿಳಿಯಬೇಕಷ್ಟೆ. ತಮ್ಮ ಈ ಸಲ ಜಾಣನಾಗಿದ್ದ, ಪಟ್ಟಿ ಮಾಡಲಿಲ್ಲ. ವಿನ್ಯಾಸದ ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ 101 ಮಾತ್ರೆ ಉಳಿಯುತ್ತದೆ, ಗುರುವಾದರೆ 100. ಆದ್ದರಿಂದ 102ರ ಉತ್ತರವೆಂದರೆ 101ರ ಉತ್ತರ ಮತ್ತು 100ರ ಉತ್ತರಗಳ ಮೊತ್ತ. ಸ್ಕ್ರಿಪ್ಟ್ ನಾಲ್ಕೇ ಸಾಲು. ತನ್ನನ್ನು ತಾನೇ ಕರೆದು ಕೇಳುವ ಸೂತ್ರ. ನೋಡಲು ಸುಂದರ. ಹತ್ತು ಮಾತ್ರೆಗೆ 89 ಎಂದಿತು. ಮೂವತ್ತಕ್ಕೆ ಕ್ಷಣ ತಡೆಯಿತು. ನಲವತ್ತಕ್ಕೆ ಚಹಾ ಕುಡಿಯುವಷ್ಟು ಹೊತ್ತು. 102ಕ್ಕೆ ಮತ್ತೆ ನಿಂತಿತು.

ಈ ಸಲ ಸ್ಮೃತಿ ಖಾಲಿಯಾಗಿಯೇ ಇತ್ತು. ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿ ನಿಲ್ಲಿಸಿದರೆ, ನಿಂತಾಗ ಯಾವ ಸಾಲಿನಲ್ಲಿತ್ತೆಂಬುದನ್ನು ಪೈಥಾನ್ ಹೇಳುತ್ತದೆ. ಅದು ಆ ನಾಲ್ಕು ಸಾಲುಗಳೊಳಗೇ ಸುತ್ತುತ್ತಿತ್ತು. 102 ಎಂದರೆ 101ನ್ನೂ 100ನ್ನೂ ಕೇಳುತ್ತದೆ. 101 ಮತ್ತೆ 100ನ್ನು ಕೇಳುತ್ತದೆ. ನೂರರ ಉತ್ತರವನ್ನು ಈಗಷ್ಟೇ ಕಂಡುಹಿಡಿದಿದ್ದರೂ ಎಲ್ಲಿಯೂ ಬರೆದಿಟ್ಟುಕೊಂಡಿಲ್ಲವಾದ್ದರಿಂದ ಮೊದಲಿನಿಂದ ಮತ್ತೆ ಎಣಿಸುತ್ತದೆ. ಕೆಳಗೆ ಇಳಿದಷ್ಟೂ ಈ ಮರೆವು ಬೆಳೆಯುತ್ತದೆ. ಮೊದಲ ರಾತ್ರಿ ನೆನಪು ಹೆಚ್ಚಾಗಿ ನಿಂತ ಯಂತ್ರ ಎರಡನೆಯ ರಾತ್ರಿ ನೆನಪಿಲ್ಲದೆ ನಿಂತಿತು.

ಇದಕ್ಕೆ ಮದ್ದು ಹೊಸದಲ್ಲ. ಮಾತ್ರಾವೃತ್ತಗಳ ಸಂಖ್ಯೆಯನ್ನು ಕಾಣಲು ಹಿಂದಿನ ಎರಡನ್ನು ಕೂಡಿಸುತ್ತಾ ಬಾ ಎಂದು ಪ್ರಾಕೃತದ ಛಂದೋಗ್ರಂಥಕಾರ ವಿರಹಾಂಕ ತನ್ನ ವೃತ್ತಜಾತಿಸಮುಚ್ಚಯದಲ್ಲಿ ಹೇಳಿದ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ ಮತ್ತೆ ಹೇಳಿದ. 1, 2, 3, 5, 8, 13 ಎಂದು ಹೋಗುವ ಈ ಸಾಲು ಇಟಲಿಯ ಫಿಬೊನಾಚಿಯ 1202ರ ಪುಸ್ತಕದಲ್ಲಿ ಮೊಲಗಳ ಸಂತಾನದ ಲೆಕ್ಕವಾಗಿ ಬಂದು ಅವನ ಹೆಸರಿನಲ್ಲೇ ಲೋಕಕ್ಕೆ ಪರಿಚಿತವಾಯಿತು. ಮೂರು ಮಾತ್ರೆಯ ಗಣಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು ರೂಪಗಳೆಂದು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ತಮಗೆ ಅರಿವಿಲ್ಲದೆಯೇ ಆ ಸಾಲಿನ ತುಣುಕನ್ನು ಹೇಳುತ್ತಿರುತ್ತಾರೆ. ಮೇಲಿನಿಂದ ಕೆಳಕ್ಕೆ ಕೇಳುತ್ತಾ ಇಳಿಯುವ ಬದಲು ಕೆಳಗಿನಿಂದ ಮೇಲಕ್ಕೆ, ಬಂದ ಉತ್ತರವನ್ನು ಬರೆದಿಟ್ಟುಕೊಳ್ಳುತ್ತಾ ಏರಿದರೆ ನೂರು ಕೂಡಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಅಕ್ಕ ಅದನ್ನು ಕಾಗದದ ಮೇಲೆ ಹತ್ತರವರೆಗೆ ಮಾಡಿ ತೋರಿಸಿದಳು, ತಮ್ಮ ಯಂತ್ರಕ್ಕೆ ಕಲಿಸಿದ. ಉತ್ತರ ತಡೆಯಿಲ್ಲದೆ ಬಂತು: 1,50,05,20,53,62,06,89,60,83,277.

ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ಭಾಗಿಸಿದಾಗ ಅವಳ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕಿತು. ಮನಬಂದಂತೆ ಹುಟ್ಟಬಹುದಾದ ಸುಮಾರು ಐವತ್ತೊಂದು ಸಾವಿರ ವಿನ್ಯಾಸಗಳಲ್ಲಿ ಒಂದನ್ನು ಮಾತ್ರ ಭಾಮಿನಿಯ ಗಣವ್ಯವಸ್ಥೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಗಣದ ಮೊದಲಲ್ಲಿ ಲಘುವಿನ ಬೆನ್ನಿಗೆ ಗುರು ಬರುವ ರೂಪವನ್ನು ಕನ್ನಡದ ಕಿವಿ ಸಾಮಾನ್ಯವಾಗಿ ಒಲ್ಲದು. ಆ ರೂಪವನ್ನು ಕೈಬಿಟ್ಟರೆ ಮೂರು ಮಾತ್ರೆಯ ಗಣಕ್ಕೆ ಎರಡು, ನಾಲ್ಕು ಮಾತ್ರೆಯದಕ್ಕೆ ನಾಲ್ಕು ರೂಪಗಳು ಉಳಿಯುತ್ತವೆ. ಇಡೀ ಪದ್ಯಕ್ಕೆ 43,98,04,65,11,104. ಹಿಂದಿನದರಲ್ಲಿ ಆರು ಸಾವಿರದ ಆರುನೂರಕ್ಕೆ ಒಂದು. ‘ಕನ್ನಡದ ಕಿವಿ ಒಲ್ಲದು’ ಎಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದವಳು ಅದರ ತೂಕವನ್ನು ಅಂಕಿಗಳಲ್ಲಿ ಕಂಡದ್ದು ಆಗಲೇ. ಇಷ್ಟು ಜರಡಿ ಹಿಡಿದ ಮೇಲೂ ಕವಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ದಾರಿಗಳು ಉಳಿಯುತ್ತವೆ. ಅವುಗಳಲ್ಲಿ ಯಾವುದು ಕರ್ಣನ ದುಃಖಕ್ಕೆ, ಯಾವುದು ಉತ್ತರನ ಪೌರುಷಕ್ಕೆ ಎಂಬುದನ್ನು ಮಾತ್ರ ಯಾವ ಪ್ರತ್ಯಯವೂ ಹೇಳುವುದಿಲ್ಲ.

ಮೂರನೆಯ ರಾತ್ರಿ ಹುಚ್ಚು ತಮ್ಮನದು. ಕುಮಾರವ್ಯಾಸನ ಕಾವ್ಯದಲ್ಲಿ ಎಂಟು ಸಾವಿರದಷ್ಟು ಪದ್ಯಗಳಿವೆಯೆಂದು ಅಕ್ಕ ಹೇಳಿದ್ದೇ ತಡ, ಎಂಟು ಸಾವಿರ ಪದ್ಯದ ಕಾವ್ಯಕ್ಕೆ ಎಷ್ಟು ವಿನ್ಯಾಸ ಎಂದು ಹೊರಟ. ಹದಿನೈದರ 1,12,000ನೆಯ ಘಾತ. ಈ ಗುಣಾಕಾರವೇ ಯಂತ್ರವನ್ನು ನಿಲ್ಲಿಸುವುದೆಂದು ಇಬ್ಬರೂ ಎಣಿಸಿದ್ದರು, ನಿಲ್ಲಿಸಲಿಲ್ಲ. ಘಾತವನ್ನು ಅರ್ಧ ಮಾಡುತ್ತಾ ಹೋಗಿ, ಅರ್ಧವಾದಲ್ಲಿ ವರ್ಗ ಮಾಡಿ, ಬೆಸವಾದಲ್ಲಿ ಒಂದು ಸಲ ಹೆಚ್ಚಿಗೆ ಗುಣಿಸುವ ಉಪಾಯದಿಂದ ಒಂದು ಲಕ್ಷ ಚಿಲ್ಲರೆ ಗುಣಾಕಾರಗಳ ಕೆಲಸ ಹದಿನಾರು ವರ್ಗ ಮತ್ತು ಆರು ಗುಣಾಕಾರಗಳಿಗೆ ಇಳಿಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಪಿಂಗಳನು ವೃತ್ತಸಂಖ್ಯೆಗಾಗಿ ಎರಡರ ಘಾತಗಳನ್ನು ಕಾಣಲು ಸೂತ್ರಿಸಿದ ಕ್ರಮ ಇದೇ. ಆ ಸೂತ್ರಗಳು ಇಂದು ಅರ್ಥವಾಗುತ್ತಿರುವುದು ಹತ್ತನೆಯ ಶತಮಾನದ ಹಲಾಯುಧನ ವ್ಯಾಖ್ಯಾನದಿಂದ. ಮಾಳವಕ್ಕೆ ಹೋಗುವ ಮುನ್ನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು ಕವಿರಹಸ್ಯವನ್ನು ರಚಿಸಿದವನೆಂದು ಹೆಸರಾದವನು ಈ ಹಲಾಯುಧ. ಮಳಖೇಡಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಕವಿರಾಜಮಾರ್ಗದೊಡನೆ ಅವನನ್ನೂ ನೆನೆಯಬಹುದು.

ಯಂತ್ರ ನಿಲ್ಲಲಿಲ್ಲ, ಆದರೆ ಉತ್ತರ ಕೊಡಲೂ ಒಪ್ಪಲಿಲ್ಲ. 4,300 ಅಂಕಿಗಳಿಗಿಂತ ಉದ್ದವಾದ ಸಂಖ್ಯೆಯನ್ನು ಬರೆದು ತೋರಿಸಲಾರೆ ಎಂಬ ದೋಷಸೂಚನೆ ಬಂತು. 2022ರಲ್ಲಿ ಪೈಥಾನಿಗೆ ಹಾಕಿದ ಕಡಿವಾಣವಿದು. ಯಾರಾದರೂ ಅತಿ ಉದ್ದದ ಅಂಕಿಮಾಲೆಯನ್ನು ಕಳಿಸಿ ಸರ್ವರನ್ನು ಕಟ್ಟಿಹಾಕಬಾರದೆಂಬ ಭದ್ರತೆ. ತಮ್ಮ ಆ ಮಿತಿಯನ್ನು ತೆಗೆದ. ಪರದೆಯ ತುಂಬ ಅಂಕಿಗಳು ಹರಿದವು. ಗೆದ್ದ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಹೋದ. ಅಂಥ ನೂರು ಕಾವ್ಯಗಳಾದರೆ? ಘಾತವನ್ನು ನೂರುಪಟ್ಟು ಮಾಡಿದ. ಅರ್ಧ ಗಂಟೆ ಕಾದರೂ ಪರದೆ ಖಾಲಿ.

ಮೊದಲ ಎರಡು ರಾತ್ರಿಗಳ ಪಾಠ ವ್ಯರ್ಥವಾಗಿರಲಿಲ್ಲ. ಸ್ಕ್ರಿಪ್ಟಿನ ನಡುನಡುವೆ ‘ಘಾತ ಮುಗಿಯಿತು’, ‘ಬರೆಯಲು ಆರಂಭ’ ಎಂಬ ಗುರುತುಗಳನ್ನು ನೆಟ್ಟು ಮತ್ತೆ ಓಡಿಸಿದ. ಮೊದಲ ಗುರುತು ಬೇಗನೇ ಬಂತು. ಲೆಕ್ಕ ಯಾವಾಗಲೋ ಆಗಿತ್ತು, ನಿಂತದ್ದು ಬರೆಯುವಲ್ಲಿ.

ಇದು ಅಕ್ಕನಿಗೆ ಅರ್ಥವಾಗಲಿಲ್ಲ. ಉತ್ತರ ಗೊತ್ತಿದ್ದ ಮೇಲೆ ಹೇಳುವುದಕ್ಕೇನು ಕಷ್ಟ? ಯಂತ್ರ ಸಂಖ್ಯೆಯನ್ನು ಹತ್ತರ ಸ್ಥಾನಗಳಲ್ಲಿ ಇಟ್ಟುಕೊಳ್ಳುವುದಿಲ್ಲ, ಎರಡರ ಸ್ಥಾನಗಳಲ್ಲಿ ಇಟ್ಟುಕೊಳ್ಳುತ್ತದೆ. ಒಳಗಿನ ಲೆಕ್ಕವೆಲ್ಲ ಅದರಲ್ಲೇ. ಮನುಷ್ಯರಿಗೆ ತೋರಿಸುವಾಗ ಮಾತ್ರ ಹತ್ತಕ್ಕೆ ಬದಲಿಸಬೇಕು. ಆ ಬದಲಾವಣೆಯಲ್ಲಿ ಸಂಖ್ಯೆಯ ಉದ್ದ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟಾಗುತ್ತದೆ ಎಂದು ತಮ್ಮ ವಿವರಿಸುತ್ತಿದ್ದ. ಒಲೆಯ ಮುಂದೆ ಕೂತು ದಿನದ ವ್ಯಾಪಾರದ ಚಿಲ್ಲರೆ ಎಣಿಸುತ್ತಿದ್ದ ತಾಯಿ ತಲೆಯೆತ್ತದೆ ಹೇಳಿದರು:

“ಅದರಾಗೇನೈತೆವ್ವಾ. ನನ್ನ ಲೆಕ್ಕ ಮರಾಠಿಯೊಳಗ ಆಗಿರತೈತಿ. ಗಿರಾಕಿಗೆ ಕನ್ನಡದಾಗ ಹೇಳೂದರಾಗ ತಡಾ ಆಗತೈತಿ.”

ಇದಕ್ಕಿಂತ ಸ್ಪಷ್ಟವಾದ ವಿವರಣೆ ಇರಲಾರದು. ಜತ್ತದ ಶಾಲೆಯಲ್ಲಿ ಅವರು ಪಾಢೆಗಳನ್ನು ಮರಾಠಿಯಲ್ಲಿ ಕಲಿತವರು. ಪಾವಕಿ, ನಿಮಕಿ, ದಿಡಕಿ, ಅಡೀಚಕಿಗಳೂ ಅದೇ ಭಾಷೆಯಲ್ಲಿ ಬಾಯಿಗೆ ಕೂತಿವೆ. ನಲವತ್ತೊಂಬತ್ತು ಎಂಬುದು ಕನ್ನಡದಲ್ಲಿ ನಲವತ್ತರ ಮೇಲೊಂಬತ್ತು. ಮರಾಠಿಯ ‘ಏಕೋಣಪನ್ನಾಸ’ ಐವತ್ತಕ್ಕೆ ಒಂದು ಕಡಿಮೆ. ಅಲ್ಲಿ ನೂರರವರೆಗೆ ಹೆಚ್ಚುಕಡಿಮೆ ಒಂದೊಂದು ಸಂಖ್ಯೆಗೂ ತನ್ನದೇ ಹೆಸರು. ಒಳಗೆ ಒಂದರಲ್ಲಿ ಮುಗಿದ ಲೆಕ್ಕ ಹೊರಗೆ ಇನ್ನೊಂದರಲ್ಲಿ ಬರುವಾಗ ಹೊಸ್ತಿಲ ಮೇಲೆ ಗಳಿಗೆಹೊತ್ತು ನಿಲ್ಲುತ್ತದೆ. ಗಡಿಯ ಶಾಲೆಗಳಲ್ಲಿ ಕಲಿತವರಿಗೆಲ್ಲ ಆ ಹೊಸ್ತಿಲು ಗೊತ್ತು. ಅವರನ್ನು ಮಂದಬುದ್ಧಿಯವರೆಂದು ಭಾವಿಸಿದ ಮೇಷ್ಟರುಗಳೂ ಇದ್ದರು.

ಪರಿಹಾರವೂ ಆ ಮಾತಿನಿಂದಲೇ ಹೊಳೆಯಿತು. ಎಲ್ಲವನ್ನೂ ಬದಲಿಸಿ ಹೇಳಲೇಬೇಕೆ? ಗಿರಾಕಿಗೆ ಬೇಕಾದದ್ದು ಎಷ್ಟೋ ಅಷ್ಟನ್ನು ಹೇಳಿದರೆ ಸಾಲದೆ? ನೂರು ಕಾವ್ಯಗಳ ಹುಚ್ಚನ್ನು ಬಿಟ್ಟು ಒಂದೇ ಕಾವ್ಯಕ್ಕೆ ಹಿಂತಿರುಗಿದರು. ಹದಿನೈದರ ಲಘುಗಣಕವನ್ನು 1,12,000ದಿಂದ ಗುಣಿಸಿದರೆ ಸಂಖ್ಯೆಯಲ್ಲಿ 1,31,723 ಅಂಕಿಗಳಿವೆಯೆಂದು ತಿಳಿಯುತ್ತದೆ. ಅದೇ ಲೆಕ್ಕದ ದಶಮಾಂಶ ಭಾಗದಿಂದ ಸಂಖ್ಯೆ 1663 ಎಂದು ಆರಂಭವಾಗುತ್ತದೆಯೆಂದು ತಿಳಿಯುತ್ತದೆ. ಗುಣಿಸುವಾಗಲೆಲ್ಲ ಸಾವಿರದ ಮೇಲಿನದನ್ನು ಕಳೆಯುತ್ತಾ ಹೋದರೆ ಕೊನೆಯ ಮೂರು ಅಂಕಿ 625. ತಲೆ, ಬಾಲ, ಉದ್ದ ಮೂರೂ ಗೊತ್ತಾದ ಮೇಲೆ ನಡುವಿನ ಅಂಕಿಗಳನ್ನು ಸೆಮಿನಾರಿನಲ್ಲಿ ಯಾರೂ ಕೇಳರು. ಅಂಗುಲಕ್ಕೊಂದರಂತೆ ಅವನ್ನು ಬರೆದರೆ ಅಧ್ವ ಎರಡೂವರೆ ಕಿಲೋಮೀಟರ್. ಬಾಯ್ನಾದ ತೀರದಿಂದ ಹೊರಟು ವಾಸ್ಕೋ ಪೇಟೆಯ ಒಳಗೆ ಹೋಗಬಹುದು.

ಮೂಲೆಯಲ್ಲಿ ಮಲಗಿದ್ದ ತಂದೆ ಇದೆಲ್ಲವನ್ನೂ ಕೇಳುತ್ತಿದ್ದರು. ನಾಲ್ಕನೆಯ ರಾತ್ರಿ ಎದ್ದು ಕೂತು ಮಗನನ್ನು ಕೇಳಿದರು: “ಅಲ್ಲೋ, ನಿನಗ ಬರಲಾರದ್ದು ಆಕಿಗೆ ಹೆಂಗ ಗೊತ್ತಾತು?”

“ಆಕಿ ಪುಸ್ತಕದಾಗ ಐತಪ್ಪಾ.”

“ಕನ್ನಡ ಪುಸ್ತಕದಾಗ?”

“ಹೂಂ.”

ತಂದೆ ಮತ್ತೇನೂ ಹೇಳದೆ ಮಲಗಿದರು. ಮರುದಿನ ತಾಯಿ ಓಣಿಯ ಭಿಶಿಯಲ್ಲಿ ದೀಪಾವಳಿಗೆ ಬರಬೇಕಿದ್ದ ತನ್ನ ಪಾಳಿಯನ್ನು ಹಿಂದಕ್ಕೆ ತರಿಸಿಕೊಳ್ಳಲು ಹೋದರು. ಎಷ್ಟು ಬಿಟ್ಟುಕೊಟ್ಟರೆ ಎಷ್ಟು ಕೈಗೆ ಬರುತ್ತದೆಂಬ ಲೆಕ್ಕವನ್ನು ದಾರಿಯಲ್ಲಿಯೇ ದಿಡಕಿಯಲ್ಲಿ ಮಾಡಿಕೊಂಡಿದ್ದರು. ಒಂದು ಫೀ ಆಗುವಷ್ಟು ಬಂತು. ಇನ್ನೊಂದು ಹೇಗೆಂಬುದು ಹಾಗೆಯೇ ಉಳಿಯಿತು.

ಮಗಳು ರೈಲು ಹತ್ತಿದ ದಿನ ಕುಳೆಂ ದಾಟಿ ಘಟ್ಟ ಏರುವವರೆಗೂ ಫೋನಿಗೆ ಸಂಕೇತ ಸಿಗಲಿಲ್ಲ. ದೂಧಸಾಗರ, ಕ್ಯಾಸಲ್‌ರಾಕ್ ಕಳೆದು ಲೋಂಡಾ ಬಂದಾಗ ತಮ್ಮನ ಸಂದೇಶ ಕಾಯುತ್ತಿತ್ತು. ಅಕ್ಕ ಬಿಟ್ಟುಹೋದ ಟಿಪ್ಪಣಿಯನ್ನು ನೋಡಿ ಅವನು ಉದ್ದಿಷ್ಟದ ಸ್ಕ್ರಿಪ್ಟ್ ಬರೆದಿದ್ದ. ಲಘು ಗುರುಗಳನ್ನು ಕೊಟ್ಟರೆ ಆ ವೃತ್ತ ಪ್ರಸ್ತಾರದಲ್ಲಿ ಎಷ್ಟನೆಯದೆಂದು ಹೇಳುವುದು. ‘ಉತ್ಪಲಮಾಲೆ 3,55,799. ಚಂಪಕಮಾಲೆ 7,11,600. ಸರಿ ಐತೇನಕ್ಕಾ?’ ಎಂದಿತ್ತು.

ಅವಳು ಪೆನ್ನು ತೆಗೆದಳು. ಚಂಪಕಮಾಲೆಯ ಇಪ್ಪತ್ತೊಂದು ಅಕ್ಷರಗಳ ಗುರುತನ್ನು ಸಾಲಾಗಿ ಹಾಕಿ, ತಲೆಯ ಮೇಲೆ ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತಾ 10,48,576ರವರೆಗೆ ಬರೆದಳು. ಏಳು ಗುರುಗಳ ಮೇಲಿನ ಅಂಕಿಗಳನ್ನು ಹೊಡೆದುಹಾಕಿ, ಹದಿನಾಲ್ಕು ಲಘುಗಳ ಮೇಲಿನವನ್ನು ಕೂಡಿದಳು. 7,11,599. ಶಾಸ್ತ್ರದಂತೆ ಒಂದನ್ನು ಸೇರಿಸಿದಳು. ರೈಲು ಅಳ್ನಾವರ ತಲುಪುವ ಮುನ್ನ ‘ಸರಿ’ ಎಂದು ಉತ್ತರ ಬರೆದು, ಮಹಾಸ್ರಗ್ಧರೆಯದನ್ನೂ ಕೇಳಿದಳು.